ಹಳೇ ದೋಣಿಯ ನೀರಿನ ಟ್ಯಾಂಕ್, ಮಕ್ಕಳ ಕನ್ನಡ

ಪೆಂಡಲ್ ಹಿಲ್‌ನ ಒಳರಸ್ತೆಗಳಲ್ಲಿ ಒಂದು ಸುತ್ತು ಹಾಕಿದರೆ, ಅಲ್ಲೊಂದು ಇಲ್ಲೊಂದು ಮನೆಯ ಮುಂದೆ ಟ್ರೇಲರ್ ಮೇಲೆ ಟಾರ್ಪಾಲು ಹೊದ್ದು ಕೂತ ದೋಣಿ ಕಾಣುತ್ತದೆ. ಬೇಸಿಗೆಯಲ್ಲಿ ಬ್ರೂಕ್ಲಿನ್‌ಗೆ ಎಳೆದುಕೊಂಡು ಹೋಗಿ ಹಾಕ್ಸ್‌ಬರಿ ನದಿಗೆ ಇಳಿಸಿದ ದೋಣಿ, ಮೇ ತಿಂಗಳು ಬಂತೆಂದರೆ ಮನೆ ಸೇರುತ್ತದೆ. ಎಂಜಿನ್ನಿಗೆ ಸರ್ವಿಸ್ ಮಾಡಿಸುತ್ತೇವೆ, ಬ್ಯಾಟರಿ ಬಿಚ್ಚಿಡುತ್ತೇವೆ. ಒಳಗಿನ ಕುಡಿಯುವ ನೀರಿನ ಟ್ಯಾಂಕ್ ಮಾತ್ರ ಯಾರಿಗೂ ನೆನಪಾಗುವುದಿಲ್ಲ. ಅಕ್ಟೋಬರ್‌ನಲ್ಲಿ ಮಕ್ಕಳು ಅದೇ ನಲ್ಲಿಯಿಂದ ಲೋಟ ತುಂಬಿಕೊಳ್ಳುತ್ತಾರೆ.

ನೀವು ಇಪ್ಪತ್ತು, ಮೂವತ್ತು ವರ್ಷದ ಸೆಕೆಂಡ್ ಹ್ಯಾಂಡ್ ದೋಣಿ ಕೊಂಡಿದ್ದರೆ ಈ ಕೆಲಸಕ್ಕೆ ಒಂದು ಶನಿವಾರ ಎತ್ತಿಡಿ. ದೋಣಿ ಇಲ್ಲ, ಹಳೇ ಕ್ಯಾರವಾನ್ ಇದೆ ಎನ್ನುವವರಿಗೂ ಇದೇ ಲೆಕ್ಕ. ಟ್ಯಾಂಕ್, ಪಂಪ್, ಪೈಪು, ನಲ್ಲಿ ಎರಡರಲ್ಲೂ ಒಂದೇ. ಮಕ್ಕಳನ್ನೂ ಜೊತೆಗೆ ಕೂರಿಸಿಕೊಳ್ಳಿ. ಮನೆಯಲ್ಲಿ "ಊಟ ಆಯ್ತಾ, ಹೋಮ್‌ವರ್ಕ್ ಆಯ್ತಾ" ಎಂಬಲ್ಲಿಗೆ ನಿಂತುಹೋದ ಕನ್ನಡಕ್ಕೆ ಇಂಥ ಕೆಲಸ ಒಳ್ಳೆಯ ಮೇವು.

ಚಳಿಯ ಅಪಾಯ ಎಲ್ಲಿ?

ಸಿಡ್ನಿಯ ಪಶ್ಚಿಮ ಭಾಗದಲ್ಲಿ ಜುಲೈ ಬೆಳಗ್ಗೆ ಹುಲ್ಲಿನ ಮೇಲೆ ಇಬ್ಬನಿ ಗಟ್ಟಿಯಾಗುವುದು ಅಪರೂಪಕ್ಕೆ ಉಂಟು. ಆದರೂ ಟ್ಯಾಂಕ್ ಒಡೆಯುವಷ್ಟು ಚಳಿ ಇಲ್ಲಿಲ್ಲ. ಮೆಲ್ಬರ್ನ್ ಊರೊಳಗೂ ಹೀಗೆಯೇ. ಇಲ್ಲಿನ ನಿಜವಾದ ಶತ್ರು ನಿಂತ ನೀರು. ನಲ್ಲಿ ನೀರಿನಲ್ಲಿರುವ ಕ್ಲೋರಿನ್ ಅಂಶ ಕ್ರಮೇಣ ಕರಗಿಹೋಗುತ್ತದೆ. ಆಮೇಲೆ ಟ್ಯಾಂಕಿನ ಗೋಡೆಗೂ ಪೈಪಿನ ಒಳಮೈಗೂ ಲೋಳೆ ಹತ್ತುತ್ತದೆ, ಬೆಳಕು ಬೀಳುವ ಕಡೆ ಪಾಚಿಯೂ ಕಟ್ಟುತ್ತದೆ.

ಆದರೆ ಚಳಿಗಾಲದಲ್ಲಿ ಜಿಂಡಬೈನ್ ಸರೋವರದ ಕಡೆಗೋ, ವಿಕ್ಟೋರಿಯದ ಗುಡ್ಡಗಾಡಿಗೋ ಹೊರಡುವವರ ಮಾತೇ ಬೇರೆ. ನೀರು ಮಂಜುಗಡ್ಡೆಯಾಗುವಾಗ ಶೇ. 9ರಷ್ಟು ಹಿಗ್ಗುತ್ತದೆ. ಹಿಗ್ಗಲು ಜಾಗವಿಲ್ಲದಿದ್ದರೆ ಪಂಪಿನ ತಲೆ, ನಲ್ಲಿಯ ಕತ್ತು, ಬಿಸಿನೀರಿನ ಹೀಟರ್ ಬಿರುಕು ಬಿಡುತ್ತವೆ. ಬಿರುಕು ತಕ್ಷಣ ಕಾಣುವುದಿಲ್ಲ, ಗಡ್ಡೆ ಕರಗಿದ ಮೇಲೆಯೇ ಸೋರುವುದು.

ಮೊದಲು ಸೋರಿಕೆ ಹುಡುಕಿ

ಟ್ಯಾಂಕಿಗೆ ಅರ್ಧ ನೀರು ತುಂಬಿ, ಪಂಪ್ ಹಾಕಿ, ಎಲ್ಲ ನಲ್ಲಿ ನಿಲ್ಲಿಸಿ ಸುಮ್ಮನೆ ಕೂತು ಕೇಳಿ. ಪೈಪಿನಲ್ಲಿ ಒತ್ತಡ ತುಂಬಿದ ಮೇಲೆ ಪಂಪ್ ತಾನಾಗಿ ನಿಲ್ಲಬೇಕು. ಯಾರೂ ನಲ್ಲಿ ಮುಟ್ಟದೆಯೂ ಐದು ನಿಮಿಷಕ್ಕೊಮ್ಮೆ ಗುರ್ ಎಂದರೆ ಎಲ್ಲೋ ನೀರು ಹೋಗುತ್ತಿದೆ ಎಂದರ್ಥ, ಇಲ್ಲವೇ ಪಂಪಿನೊಳಗಿನ ವಾಲ್ವ್ ಸವೆದಿದೆ. ಈ ಸದ್ದು ಕಾಯುವ ಕೆಲಸವನ್ನು ಐದು ವರ್ಷದ ಮಗುವಿಗೆ ಕೊಡಿ. ಹನಿ ಬೀಳುವ ಜಾಗ ಸಿಕ್ಕರೆ ನಿಮಿಷಕ್ಕೆ ಎಷ್ಟು ಹನಿ ಎಂದು ಒಂದು, ಎರಡು, ಮೂರು ಎಣಿಸಲಿ.

ಈಗ ನೀವು ಮಂಚದ ಕೆಳಗೆ ತಲೆ ತೂರಿಸಿ ಮಲಗಿದ್ದೀರಿ, ನಲ್ಲಿಯ ಹತ್ತಿರ ಮಗಳು ನಿಂತಿದ್ದಾಳೆ. ಅವಳಿಗೆ ಕಾಣುವುದು ನಿಮಗೆ ಕಾಣದು. "ಅಪ್ಪಾ, ಇಟ್ಸ್ ಲೀಕಿಂಗ್" ಎನ್ನುತ್ತಾಳೆ. "ಕನ್ನಡದಲ್ಲಿ ಹೇಳು" ಎಂದು ಗದರಬೇಡಿ. ಎರಡು ಮಾತು ಮುಂದಿಟ್ಟು ಕೇಳಿ: "ಜಿನುಗ್ತಾ ಇದೆಯಾ ಪುಟ್ಟಾ, ತೊಟ್ಟಿಕ್ತಾ ಇದೆಯಾ?" ಜಿನುಗಿದರೆ ಕ್ಲಿಪ್ ಒಂದು ಸುತ್ತು ಬಿಗಿ ಮಾಡಿದರೆ ಸಾಕಾಗಬಹುದು. ತೊಟ್ಟಿಕ್ಕಿದರೆ ವಾಷರ್ ನೋಡಬೇಕು. ಚಿಮ್ಮಿದರೆ ಓಡಿಹೋಗಿ ಪಂಪ್ ಆರಿಸಬೇಕು! ಸರಿಯಾದ ಪದ ಹೇಳಿದರೆ ಕೆಲಸ ಮುಂದೆ ಸಾಗುತ್ತದೆ, ಹೇಳದಿದ್ದರೆ ಅಪ್ಪನ ಮುಖಕ್ಕೆ ನೀರು. ಪದ ಕಲಿಯಲು ಇದಕ್ಕಿಂತ ಬಲವಾದ ಕಾರಣ ಯಾವ ಪುಸ್ತಕದಲ್ಲಿದೆ?

ಪಂಪ್, ವಾಲ್ವ್, ಫಿಲ್ಟರ್ ಎಂಬ ಹೆಸರುಗಳನ್ನು ಹಾಗೇ ಬಿಡಿ. ಊರಿನ ಪ್ಲಂಬರ್ ಕೂಡ ಹಾಗೇ ಅನ್ನುವುದು. ಕನ್ನಡ ಉಳಿಯಬೇಕಾದದ್ದು ಕ್ರಿಯಾಪದಗಳಲ್ಲಿ: ತಿರುಗಿಸು, ಸಡಿಲಿಸು, ಬಿಗಿ ಮಾಡು, ಅದುಮಿ ಹಿಡಿ, ಮೆಲ್ಲಗೆ ಬಿಡು. ಅಪ್ಪ ಮೈಸೂರಿನವರಾಗಿ ನಲ್ಲಿ ಎಂದರೆ, ಅಮ್ಮ ಹುಬ್ಬಳ್ಳಿಯವರಾಗಿ ನಳ ಎಂದರೆ, ಎರಡೂ ಕಿವಿಗೆ ಬೀಳಲಿ.

ಏನೇನು ಬದಲಿಸಬೇಕು?

ಪೈಪುಗಳನ್ನು ಒಂದೊಂದಾಗಿ ನೋಡಿ. ಒಳಗೆ ಕಪ್ಪು ಅಥವಾ ಹಸಿರು ಲೋಳೆ ಕಟ್ಟಿದ್ದರೆ, ಬೆರಳಲ್ಲಿ ಬಗ್ಗಿಸಿದಾಗ ಗಟ್ಟಿಯಾಗಿ ಬಿರುಕು ಕಂಡರೆ, ತೊಳೆಯುತ್ತ ಕೂರಬೇಡಿ. ಬದಲಿಸಿಬಿಡಿ. ತೋಟಕ್ಕೆ ನೀರು ಹಾಯಿಸುವ ಸಾಧಾರಣ ಪೈಪು ಇಲ್ಲಿಗೆ ಬೇಡ. ಕುಡಿಯುವ ನೀರಿಗೆ ತಕ್ಕದ್ದು ಎಂದು ಬರೆದಿರುವುದನ್ನೇ ಕೊಳ್ಳಿ. ಆಸ್ಟ್ರೇಲಿಯದಲ್ಲಿ ಇದಕ್ಕಿರುವ ಗುಣಮಟ್ಟದ ಗುರುತು ಎಎಸ್/ಎನ್‌ಜೆಡ್‌ಎಸ್ 4020. ಕ್ಲಿಪ್‌ಗಳು ಉಪ್ಪುಗಾಳಿಗೆ ತಡೆಯುವ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಆಗಿರಲಿ. ಪಂಪಿನ ಮುಂದಿರುವ ಪುಟ್ಟ ಜಾಲರಿಯನ್ನು ಬಿಚ್ಚಿ ತೊಳೆಯಿರಿ, ಪಂಪಿಗೆ ನೀರು ಕಡಿಮೆಯಾಗಲು ಎಷ್ಟೋ ಸಲ ಅದರಲ್ಲಿ ಸಿಕ್ಕಿಕೊಂಡ ಕಸವೇ ಕಾರಣ. ಬಿಚ್ಚುವ ಮೊದಲು ಪಂಪಿನ ಫ್ಯೂಸ್ ತೆಗೆದಿಡಿ.

ಹಿತ್ತಾಳೆಯ ಕೊಂಡಿಗೆ ಹಸಿರು ಕಿಲುಬು ಹಿಡಿದಿದ್ದರೆ ಮಕ್ಕಳಿಗೆ ತೋರಿಸಿ. ಕಬ್ಬಿಣಕ್ಕೆ ಹಿಡಿಯುವುದು ತುಕ್ಕು, ತಾಮ್ರ ಹಿತ್ತಾಳೆಗೆ ಹಿಡಿಯುವುದು ಕಿಲುಬು. ಪೂಜೆ ಸಾಮಾನಿಗೆ ಅಜ್ಜಿ ಹುಣಸೆಹಣ್ಣು ಹಚ್ಚಿ ಉಜ್ಜುತ್ತಿದ್ದದ್ದು ಇದನ್ನೇ.

ಟ್ಯಾಂಕ್ ತೊಳೆಯುವ ಬಗೆ

ಇದು ದೊಡ್ಡವರ ಕೆಲಸ, ಮಕ್ಕಳು ದೂರವಿರಲಿ. ಸುವಾಸನೆ, ಸೋಪು ಬೆರೆಸದ ಸಾದಾ ಬ್ಲೀಚ್ ತನ್ನಿ. ಬಾಟಲಿಯ ಮೇಲೆ ಶೇ. 4ರ ಆಸುಪಾಸು ಸೋಡಿಯಂ ಹೈಪೋಕ್ಲೋರೈಟ್ ಎಂದಿದ್ದರೆ, 100 ಲೀಟರ್ ಟ್ಯಾಂಕಿಗೆ ಸುಮಾರು 125 ಮಿಲಿಲೀಟರ್ ಸಾಕು. ಇದ್ದಿಲಿನ ಫಿಲ್ಟರ್ ಇದ್ದರೆ ಮೊದಲೇ ತೆಗೆದಿಡಿ. ಟ್ಯಾಂಕ್ ಪೂರ್ತಿ ತುಂಬಿಸಿ, ಪ್ರತಿ ನಲ್ಲಿಯಲ್ಲೂ ಬ್ಲೀಚಿನ ವಾಸನೆ ಬರುವ ತನಕ ನೀರು ಬಿಟ್ಟು, ಕನಿಷ್ಠ ನಾಲ್ಕು ತಾಸು ಹಾಗೇ ಇರಲಿ. ಆಮೇಲೆ ಖಾಲಿ ಮಾಡಿ, ವಾಸನೆ ಹೋಗುವ ತನಕ ಎರಡು ಮೂರು ಸಲ ಹೊಸ ನೀರಿನಿಂದ ಜಾಲಿಸಿ. ಟ್ಯಾಂಕ್ ಅಲ್ಯೂಮಿನಿಯಂನದಾದರೆ ಬ್ಲೀಚ್ ಬೇಡ, ಅದಕ್ಕೆ ತಕ್ಕ ಬೇರೆ ಪುಡಿ ಅಂಗಡಿಯಲ್ಲಿ ಸಿಗುತ್ತದೆ. ಬ್ಲೀಚಿಗೆ ವಿನೆಗರ್ ಎಂದೂ ಸೇರಿಸಬೇಡಿ, ವಿಷಗಾಳಿ ಏಳುತ್ತದೆ.

ಬ್ಲೀಚ್ ನೀರನ್ನು ರಸ್ತೆ ಬದಿಯ ಚರಂಡಿಗೆ ಬಿಡುವಂತಿಲ್ಲ. ಆ ಚರಂಡಿಯ ನೀರು ಶುದ್ಧಿಯಾಗದೆ ತೊರೆಗೆ ಹೋಗುತ್ತದೆ. ನಮ್ಮ ಕಡೆಯ ಟೂಂಗ್ಯಾಬಿ ತೊರೆ ಸೇರುವುದು ಪ್ಯಾರಾಮಟ್ಟಾ ನದಿಗೆ. ಬಕೆಟ್‌ನಲ್ಲಿ ಹಿಡಿದು ಮನೆಯ ಬಚ್ಚಲಿಗೆ ಸುರಿಯಿರಿ. "ಯಾಕೆ?" ಎಂದು ಮಕ್ಕಳು ಕೇಳಿದರೆ ಇನ್ನೊಂದು ಕಥೆ ಹೇಳಲು ದಾರಿಯಾಯಿತು. 1998ರಲ್ಲಿ ಇದೇ ಸಿಡ್ನಿಯ ಕುಡಿಯುವ ನೀರಿನಲ್ಲಿ ರೋಗಾಣು ಕಂಡುಬಂದು, ಲಕ್ಷಾಂತರ ಜನ ವಾರಗಟ್ಟಲೆ ನೀರು ಕಾಯಿಸಿ ಕುಡಿಯಬೇಕಾಗಿ ಬಂದಿತ್ತು.

ಕೊನೆಗೆ ಖಾಲಿ ಮಾಡಿ

ಹೀಟರ್ ಆರಿಸಿ, ಪೂರ್ತಿ ತಣ್ಣಗಾಗಲು ಬಿಟ್ಟು, ಅದರ ನೀರನ್ನೂ ಇಳಿಸಿ. ಪಂಪಿನ ಎರಡೂ ಕಡೆಯ ಪೈಪು ಬಿಚ್ಚಿ, ಪಂಪನ್ನು ಕೆಲವೇ ಸೆಕೆಂಡು ಓಡಿಸಿ ಒಳಗುಳಿದ ನೀರು ಹೊರಹಾಕಿ. ಉದ್ದದ ಪೈಪಿನೊಳಗೆ ನಿಂತದ್ದನ್ನು ಸೈಕಲ್ ಪಂಪಿನಿಂದ ಮೆಲ್ಲಗೆ ಊದಿ ತೆಗೆಯಬಹುದು, ಮಕ್ಕಳಿಗೆ ಇದೇ ಹಬ್ಬ. ನಲ್ಲಿಗಳನ್ನು ಅರ್ಧ ತೆರೆದೇ ಬಿಡಿ. ಇಷ್ಟು ಮಾಡಿದರೆ ನಮ್ಮ ಊರುಗಳ ಚಳಿಗೆ ಸಾಕು.

ಗುಡ್ಡದ ಮೇಲೆ ದೋಣಿ ಬಿಡುವವರಿಗೆ ಹೆಪ್ಪುಗಟ್ಟದ ದ್ರವ ಬೇಕಾದರೆ, ಕುಡಿಯುವ ನೀರಿನ ವ್ಯವಸ್ಥೆಗೆಂದೇ ಮಾರುವ ಪ್ರೊಪಿಲೀನ್ ಗ್ಲೈಕಾಲ್ ಮಾತ್ರ ತನ್ನಿ. ಕಾರಿನ ರೇಡಿಯೇಟರಿಗೆ ಹಾಕುವುದು ಸಾಮಾನ್ಯವಾಗಿ ಎಥಿಲೀನ್ ಗ್ಲೈಕಾಲ್. ಅದು ರುಚಿಗೆ ಸಿಹಿ, ಆದರೆ ಮಕ್ಕಳಿಗೂ ನಾಯಿಗೂ ಪ್ರಾಣಾಂತಿಕ. ನೀರಿನ ಟ್ಯಾಂಕಿನ ಹತ್ತಿರವೂ ಅದು ಬರಬಾರದು.

ವಾಲ್ವ್‌ಗಳಿಗೆ ಚೀಟಿ ಅಂಟಿಸುವ ಕೆಲಸ ಹದಿಹರೆಯದವರದು. "ಬಿಸಿ", "ತಣ್ಣೀರು", "ತೆರೆ", "ಮುಚ್ಚು" ಎಂದು ಕನ್ನಡದಲ್ಲೇ ಬರೆಯಲಿ. ಒತ್ತಕ್ಷರ ತಪ್ಪಿದರೆ ಊರಿನ ಅಜ್ಜನಿಗೆ ವಿಡಿಯೊ ಕಾಲ್ ಮಾಡಿ ಕೇಳಲಿ. ಇಲ್ಲಿ ಚಳಿಗಾಲದ ಮಧ್ಯಾಹ್ನ ಹನ್ನೆರಡು ಎಂದರೆ ಅಲ್ಲಿ ಬೆಳಗ್ಗೆ ಏಳೂವರೆ, ಅಜ್ಜ ಕಾಫಿ ಕುಡಿಯುವ ಹೊತ್ತು.

ಮತ್ತೆ ತುಂಬಿಸುವುದು ಯಾವಾಗ? ಅಕ್ಟೋಬರ್ ಬಂದರೆ ಇಲ್ಲಿ ವಸಂತ, ಅದರ ಹಿಂದೆಯೇ ದೀಪಾವಳಿ. ನರಕ ಚತುರ್ದಶಿಯ ಹಿಂದಿನ ಸಂಜೆ ನಮ್ಮಲ್ಲಿ ನೀರು ತುಂಬುವ ಹಬ್ಬ. ಬಚ್ಚಲಮನೆಯ ಹಂಡೆಯನ್ನು ತಿಕ್ಕಿ ತೊಳೆದು, ಪೂಜೆ ಮಾಡಿ, ಹೊಸ ನೀರು ತುಂಬಿಸುತ್ತಾರೆ. ಸಿಡ್ನಿಯ ಮನೆಗಳಲ್ಲಿ ಹಂಡೆಯಿಲ್ಲದೆ ಈ ಹಬ್ಬ ಮಕ್ಕಳಿಗೆ ಬರೀ ಹೆಸರಾಗಿದೆ. ಆ ವಾರ ದೋಣಿಯ ಟ್ಯಾಂಕನ್ನು ಇನ್ನೊಮ್ಮೆ ಬ್ಲೀಚಿನಲ್ಲಿ ಶುದ್ಧಮಾಡಿ, ಜಾಲಿಸಿ, ಆ ಸಂಜೆ ಮಕ್ಕಳ ಕೈಯಲ್ಲೇ ನೀರು ತುಂಬಿಸಿ. ಯಾಕೆ ತೊಳೆಯುತ್ತೇವೆ, ಯಾಕೆ ಹೊಸ ನೀರು ಎಂದು ಅಷ್ಟು ಹೊತ್ತಿಗೆ ಅವರೇ ನಿಮಗೆ ಹೇಳಬಲ್ಲರು.