ಕ್ಷೇಮಸಮಾಚಾರದಿಂದ ಹುಟ್ಟಿದ ಸಿದ್ಧಾಂತ

ಓರಲ್ ರಾಬರ್ಟ್ಸ್ ಅವತ್ತು ಬಸ್ಸು ಹಿಡಿಯುವ ಅವಸರದಲ್ಲಿದ್ದರು. 1947ನೇ ಇಸವಿ, ಅಮೆರಿಕದ ಒಕ್ಲಹೋಮಾ ರಾಜ್ಯದ ಈನಿಡ್ ಪಟ್ಟಣ. ಇಪ್ಪತ್ತೊಂಬತ್ತರ ಪ್ರಾಯದ ಪಾಸ್ಟರ್, ಸಣ್ಣದೊಂದು ಪೆಂಟೆಕೋಸ್ಟ್ ಸಭೆ, ಅದಕ್ಕೆ ತಕ್ಕ ಸಂಬಳ, ಜೊತೆಗೆ ಕಾಲೇಜಿನ ಓದು. ಬೆಳಗಿನ ಸತ್ಯವೇದ ಪಾರಾಯಣ ಆಗಿಲ್ಲವೆಂದು ನೆನಪಾಗಿ ಮನೆಯೊಳಕ್ಕೆ ಮರಳಿ ಪುಸ್ತಕ ತೆರೆದರು. ಕಣ್ಣಿಗೆ ಬಿದ್ದದ್ದು ಯೋಹಾನನ ಮೂರನೆಯ ಪತ್ರಿಕೆಯ ಎರಡನೆಯ ವಚನ.

ಅದು ಹಿರಿಯರೊಬ್ಬರು ಗಾಯ ಎಂಬ ಗೆಳೆಯನಿಗೆ ಬರೆದ, ಒಂದೇ ಹಾಳೆಯಲ್ಲಿ ಮುಗಿಯುವ ಕಾಗದ. ಆತ್ಮ ಚೆನ್ನಾಗಿರುವಂತೆಯೇ ನಿನ್ನ ಉಳಿದ ವಿಷಯಗಳೂ ಆರೋಗ್ಯವೂ ಚೆನ್ನಾಗಿರಲಿ ಎಂಬ ಭಾವದ ಹಾರೈಕೆಯೊಂದಿಗೆ ಅದು ಶುರುವಾಗುತ್ತದೆ. ಆ ಕಾಲದ ಗ್ರೀಕ್ ಕಾಗದಗಳಲ್ಲಿ ಇಂಥ ಹಾರೈಕೆ ವಾಡಿಕೆ. ನಮ್ಮ ಅಜ್ಜಂದಿರ ಇನ್‌ಲ್ಯಾಂಡ್ ಪತ್ರದ ‘ಉಭಯ ಕುಶಲೋಪರಿ’ ಇದ್ದ ಹಾಗೆ. ವಿಷಯಕ್ಕೆ ಇನ್ನೂ ಬಂದಿರುವುದಿಲ್ಲ. ರಾಬರ್ಟ್ಸ್ ಮಾತ್ರ ಅದನ್ನು ದೇವರ ಕರಾರು ಎಂದು ಓದಿಕೊಂಡರು. ಹೆಂಡತಿ ಎವೆಲಿನ್‌ಗೆ ಓದಿ ತೋರಿಸಿದರು. ಯುದ್ಧ ಮುಗಿದ ಹೊಸತು, ಕೊಂಡುಕೊಳ್ಳಲು ದುಡ್ಡಿದ್ದವರಿಗೂ ಕಾರು ಸಿಗದ ಕಾಲ. ಅಂಥದ್ದರಲ್ಲಿ ಪರಿಚಯದ ಕಾರು ವ್ಯಾಪಾರಿಯೊಬ್ಬರ ನೆರವಿನಿಂದ ಸ್ವಲ್ಪದರಲ್ಲೇ ಅವರಿಗೆ ಹೊಸ ಬ್ಯೂಕ್ ಸಿಕ್ಕಿತು. ಬದುಕಿರುವವರೆಗೂ ರಾಬರ್ಟ್ಸ್ ಆ ಕಾರನ್ನು ಸಾಕ್ಷಿಯಾಗಿ ಹೇಳುತ್ತಲೇ ಇದ್ದರು.

‘ಸಮೃದ್ಧಿಯ ಸುವಾರ್ತೆ’ ಎಂದು ಇವತ್ತು ಕರೆಯುವುದಕ್ಕೆ ಈ ಬ್ಯೂಕ್ ಒಂದೇ ಮೂಲವಲ್ಲ. ಆದರೂ ಒಂದು ಸೋಜಿಗ ಇದೆ. ಸಂಪ್ರದಾಯ ಆ ಕಾಗದವನ್ನು ಯಾರ ಹೆಸರಿಗೆ ಹಚ್ಚುತ್ತದೋ ಆ ಯೋಹಾನನನ್ನೇ ಪತ್ಮೋಸ್ ದ್ವೀಪಕ್ಕೆ ಗಡಿಪಾರು ಮಾಡಲಾಗಿತ್ತು ಎಂದೂ ಅದೇ ಸಂಪ್ರದಾಯ ಹೇಳುತ್ತದೆ. ಆತನ ಜೊತೆಗಾರರಲ್ಲಿ ಬಹುತೇಕರು ಕೊಲೆಯಾದರು ಎಂಬುದೂ ಅದೇ ಸಂಪ್ರದಾಯದ ಮಾತು. 203ರಲ್ಲಿ ಕಾರ್ಥೇಜಿನ ಸೆರೆಮನೆಯಲ್ಲಿದ್ದ ಪೆರ್ಪೆಟುವಾ ಎಂಬ ಇಪ್ಪತ್ತೆರಡರ ಬಾಣಂತಿ ಬರೆದಿಟ್ಟ ದಿನಚರಿ ಉಳಿದುಬಂದಿದೆ. ತಂದೆ ಬಂದು ಕಾಲಿಗೆ ಬಿದ್ದು ಅತ್ತದ್ದು, ಮಗು ಮೊಲೆ ಬಿಟ್ಟ ಮೇಲೆ ಎದೆನೋವು ಬರದೇ ಹೋದದ್ದಕ್ಕೆ ಸಮಾಧಾನಪಟ್ಟದ್ದು, ಎಲ್ಲ ಅದರಲ್ಲಿದೆ. ಕ್ರೈಸ್ತರ ಮೊದಲ ಮುನ್ನೂರು ವರ್ಷಗಳಲ್ಲಿ ನಂಬಿಕೆಗೆ ಪ್ರತಿಫಲವಾಗಿ ಇಹದಲ್ಲಿ ಹಲವರಿಗೆ ಸಿಕ್ಕದ್ದು ಇಂಥದ್ದೇ.

ಅಲ್ಲಿಂದ ಬ್ಯೂಕ್ ಕಾರಿನವರೆಗಿನ ದಾರಿ ಅಮೆರಿಕದ ಮೇನ್ ರಾಜ್ಯದ ಮೂಲಕ ಹಾಯುತ್ತದೆ. 19ನೇ ಶತಮಾನದ ನಡುವಿನಲ್ಲಿ ಅಲ್ಲಿ ಫಿನಿಯಸ್ ಕ್ವಿಂಬಿ ಎಂಬ ಗಡಿಯಾರ ತಯಾರಕ, ರೋಗ ಇರುವುದೇ ರೋಗಿಯ ತಪ್ಪು ನಂಬಿಕೆಯಲ್ಲಿ ಎಂದು ಸಾರುತ್ತ ಚಿಕಿತ್ಸೆಗೆ ಇಳಿದ. ಮನಸ್ಸು ಸರಿಹೋದರೆ ಮೈಯೂ ಸರಿಹೋಗುತ್ತದೆ ಎಂಬ ಆ ಗಾಳಿ ಬಾಸ್ಟನ್ ನಗರದಲ್ಲಿ ಜೋರಾಗಿ ಬೀಸುತ್ತಿದ್ದಾಗ ಮುಂದೆ ಬೋಧಕರಾದ ಇ. ಡಬ್ಲ್ಯು. ಕೆನ್ಯನ್ ಅಲ್ಲಿ ಭಾಷಣಕಲೆ ಕಲಿಯುತ್ತಿದ್ದರು. ಆ ಗಾಳಿ ಅವರಿಗೆ ಎಷ್ಟು ತಗುಲಿತು ಎಂಬುದರ ಬಗ್ಗೆ ವಿದ್ವಾಂಸರ ಜಗಳ ಇನ್ನೂ ಮುಗಿದಿಲ್ಲ. ಕೆನ್ಯನ್ ಕಲಿಸಿದ್ದು ಇಷ್ಟು: ದೇವರು ಕೊಟ್ಟಾಗಿದೆ, ನೀನು ಬಾಯಿಬಿಟ್ಟು ನನ್ನದೆಂದು ಹೇಳಬೇಕು. 1948ರಲ್ಲಿ ಅವರು ತೀರಿಕೊಂಡರು. ಅವರ ಬರಹಗಳ ಪುಟಪುಟಗಳೇ ಮುಂದೆ ಟೆಕ್ಸಾಸ್‌ನ ಬೋಧಕ ಕೆನೆತ್ ಹೇಗಿನ್ ಅವರ ಪುಸ್ತಕಗಳಲ್ಲಿ ಹೆಸರಿಲ್ಲದೆ ಕಾಣಿಸಿಕೊಂಡವು, 1988ರಲ್ಲಿ ಡಿ. ಆರ್. ಮೆಕಾನೆಲ್ ಎಂಬುವರು ಎರಡನ್ನೂ ಅಕ್ಕಪಕ್ಕ ಇಟ್ಟು ಅಚ್ಚುಹಾಕಿ ತೋರಿಸಿದರು.

ಇದನ್ನೆಲ್ಲ ದುರಾಸೆಯ ಕಥೆ ಎಂದು ಓದುವುದು ಸುಲಭ. ನನಗೆ ಹಾಗೆ ಅನ್ನಿಸುವುದಿಲ್ಲ. ಹೇಗಿನ್ ಹದಿನಾರನೇ ವಯಸ್ಸಿನಲ್ಲಿ ಹೃದಯದ ಕಾಯಿಲೆಯಿಂದ ಹಾಸಿಗೆ ಹಿಡಿದಿದ್ದ ಹುಡುಗ. ಬದುಕುವುದಿಲ್ಲ ಎಂದು ವೈದ್ಯರು ಕೈಚೆಲ್ಲಿದ್ದರು. ರಾಬರ್ಟ್ಸ್ ಹದಿನೇಳಕ್ಕೆ ಕ್ಷಯರೋಗದಿಂದ ಕುಸಿದುಬಿದ್ದವರು. ಮುಂದೆ ಸೋಲ್ ನಗರದಲ್ಲಿ ಇದೇ ಮಾತನ್ನು ಲಕ್ಷಾಂತರ ಜನರಿಗೆ ಹೇಳಿದ ಚೊ ಯೊಂಗ್-ಗಿ ಅವರಿಗೂ ಹದಿಹರೆಯದಲ್ಲೇ ಕ್ಷಯ. ಮೂವರೂ ಬಡ ಮನೆಗಳವರು, ಮೂವರೂ ಎದ್ದು ಕೂತರು, ಎದ್ದದ್ದು ಪ್ರಾರ್ಥನೆಯಿಂದಲೇ ಎಂದು ಮೂವರೂ ನಂಬಿದರು. ಸಂಕಟವೇ ಪುಣ್ಯ ಎಂಬ ಉಪದೇಶ ಅಂಥ ಹುಡುಗರ ಬಾಯಲ್ಲಿ ಬರುವುದಾದರೂ ಹೇಗೆ?

ಕೆಟ್ಟದ್ದು ಲೆಕ್ಕಾಚಾರ ಒಳಗೆ ಬಂದ ಮೇಲೆ. 1954ರಲ್ಲಿ ರಾಬರ್ಟ್ಸ್ ‘ಆಶೀರ್ವಾದದ ಒಪ್ಪಂದ’ ಎಂಬುದನ್ನು ತಂದರು: ನೂರು ಡಾಲರ್ ಕಾಣಿಕೆ ಕೊಡಿ, ಒಂದು ವರ್ಷದೊಳಗೆ ನೆನೆಸದ ಕಡೆಯಿಂದ ಅಷ್ಟು ಹಣ ನಿಮಗೆ ಬಾರದಿದ್ದರೆ ನಿಮ್ಮ ದುಡ್ಡು ವಾಪಸು. ಅಂಗಡಿಯ ಭಾಷೆಯಾದರೂ ಅಂಗಡಿಯ ಪ್ರಾಮಾಣಿಕತೆ ಅದರಲ್ಲಿತ್ತು. 1970ರ ಹೊತ್ತಿಗೆ ಅದು ‘ವಿಶ್ವಾಸದ ಬೀಜ’ವಾಯಿತು. ಕೊಟ್ಟದ್ದು ಬಿತ್ತಿದಂತೆ, ಬೆಳೆ ಬಂದೇ ಬರುತ್ತದೆ. ಬೀಜದ ಲೆಕ್ಕದಲ್ಲಿ ವಾಪಸಾತಿಯ ಮಾತಿಲ್ಲ. ಬೆಳೆ ಬಾರದಿದ್ದರೆ ನಿನ್ನ ನೆಲ ಸರಿಯಿಲ್ಲ, ಅಂದರೆ ನಂಬಿಕೆ ಸಾಲದು. ಬರಿಗೈಯಲ್ಲಿ ಉಳಿದವರ ತಲೆಗೇ ತಪ್ಪನ್ನು ಕಟ್ಟಿದ್ದು ಈ ತಿರುವಿನಲ್ಲಿ.

ರಾಬರ್ಟ್ಸ್ ಅವರಿಗೇ ಇದು ಸುತ್ತಿಕೊಂಡಿತು. ಟಲ್ಸಾ ನಗರದಲ್ಲಿ 60, 30 ಮತ್ತು 20 ಮಹಡಿಗಳ ಮೂರು ಗೋಪುರ ಕಟ್ಟಿ 1981ರಲ್ಲಿ ಆಸ್ಪತ್ರೆ ತೆರೆದರು. 1987ರಲ್ಲಿ, ಮಾರ್ಚ್ ತಿಂಗಳೊಳಗೆ 80 ಲಕ್ಷ ಡಾಲರ್ ಕೂಡದಿದ್ದರೆ ದೇವರು ನನ್ನನ್ನು ಕರೆದುಕೊಳ್ಳುತ್ತಾನೆ ಎಂದು ಟಿವಿಯಲ್ಲಿ ಹೇಳಿ ದೇಶದ ನಗೆಗೀಡಾದರು. ಕೊನೆಯ 13 ಲಕ್ಷ ಡಾಲರ್ ಕೊಟ್ಟದ್ದು ಫ್ಲಾರಿಡಾದಲ್ಲಿ ನಾಯಿ ರೇಸಿನ ಜೂಜು ನಡೆಸುವ ಸಾಹುಕಾರ. 1989ರಲ್ಲಿ ಆಸ್ಪತ್ರೆ ಮುಚ್ಚಿತು. ಹೇಗಿನ್ ಮುದುಕರಾದ ಮೇಲೆ 1999ರಲ್ಲಿ ಶಿಷ್ಯರನ್ನು ಕರೆದು ಅತಿಯಾಯಿತು ಎಂದು ಬುದ್ಧಿ ಹೇಳಿದರು, ಮರುವರ್ಷ ಪುಸ್ತಕವನ್ನೂ ಬರೆದರು. ಶಿಷ್ಯರಲ್ಲಿ ಕೆಲವರಿಗೆ ಅಷ್ಟರಲ್ಲಿ ಸ್ವಂತ ವಿಮಾನಗಳಿದ್ದವು.

ಇದು ಅಮೆರಿಕದಲ್ಲೇ ಉಳಿದಿದ್ದರೆ ಉಳ್ಳವರ ದೇಶದ ಖಯಾಲಿ ಎಂದು ಬಿಡಬಹುದಿತ್ತು. ಅದು ಆಳವಾಗಿ ಬೇರುಬಿಟ್ಟದ್ದು ಕೊರಿಯಾದಲ್ಲಿ, ನಂಬಿಕೆಗಾಗಿ ಸತ್ತವರ ನೆನಪು ಆರದ ನೆಲದಲ್ಲಿ.

ಇವತ್ತು ಉತ್ತರ ಕೊರಿಯಾದ ರಾಜಧಾನಿಯಾಗಿರುವ ಪ್ಯೊಂಗ್ಯಾಂಗ್ ಒಂದು ಕಾಲಕ್ಕೆ ‘ಪೂರ್ವದ ಯೆರೂಸಲೇಮ್’ ಅನ್ನಿಸಿಕೊಂಡ ಊರು. 1930ರ ದಶಕದಲ್ಲಿ ಜಪಾನಿ ಆಡಳಿತ ಎಲ್ಲರೂ ಶಿಂಟೊ ಗುಡಿಗಳ ಮುಂದೆ ತಲೆಬಾಗಬೇಕೆಂದು ಕಟ್ಟುಮಾಡಿತು. 1938ರ ಸೆಪ್ಟೆಂಬರಿನಲ್ಲಿ ಪ್ರೆಸ್ಬಿಟೇರಿಯನ್ ಸಭೆಗಳ ಮಹಾಸಭೆ ಅದೇ ಊರಿನಲ್ಲಿ ಕೂಡಿತು. ಪ್ರತಿನಿಧಿಗಳ ನಡುನಡುವೆ ಪೊಲೀಸರು ಕೂತಿದ್ದರು. ಗುಡಿಗೆ ನಮಿಸುವುದು ಪೂಜೆಯಲ್ಲ, ದೇಶಭಕ್ತಿಯ ರಿವಾಜು ಮಾತ್ರ ಎಂಬ ಠರಾವು ಬಂತು. ಒಪ್ಪುವವರು ಹೌದೆನ್ನಿ ಎಂದ ಅಧ್ಯಕ್ಷರು ಒಪ್ಪದವರನ್ನು ಕೇಳುವ ಗೋಜಿಗೇ ಹೋಗಲಿಲ್ಲ. ಠರಾವು ಪಾಸಾಯಿತು.

ಜು ಗಿ-ಚೊಲ್ ಒಪ್ಪಲಿಲ್ಲ. ಪ್ಯೊಂಗ್ಯಾಂಗ್‌ನ ಸಂಜೊಂಗ್ಹ್ಯೊನ್ ಚರ್ಚಿನ ಪಾಸ್ಟರ್ ಅವರು; ಹೈಸ್ಕೂಲಿನಲ್ಲಿ ಪಾಠ ಹೇಳಿದ ಮೇಷ್ಟ್ರೇ ಈಗ ಅವರ ಚರ್ಚಿನಲ್ಲಿ ಸಭಾಹಿರಿಯರು. ಬಂಧನ, ಬಿಡುಗಡೆ, ಮತ್ತೆ ಬಂಧನ. ನಡುವೆ ಬಿಟ್ಟಾಗ ಪೀಠದಲ್ಲಿ ನಿಂತು ತಮ್ಮ ಬೇಡಿಕೆಗಳನ್ನು ದೇವರ ಮುಂದಿಟ್ಟ ಒಂದು ಪ್ರಸಂಗ ಪ್ರಸಿದ್ಧವಾಗಿದೆ. ಸಾವಿನ ಭಯ ಗೆಲ್ಲುವಂತಾಗಲಿ, ಬಹುಕಾಲ ಎಳೆಯುವ ನೋವನ್ನು ತಡೆಯುವಂತಾಗಲಿ ಎಂದು ಕೇಳಿಕೊಂಡರು. ಮುದಿ ತಾಯಿ, ಹೆಂಡತಿ, ಮಕ್ಕಳನ್ನು ದೇವರ ಕೈಗೆ ಒಪ್ಪಿಸಿದರು. ಬಿಡುಗಡೆಯನ್ನು ಆ ಪಟ್ಟಿಯಲ್ಲಿ ಸೇರಿಸಲಿಲ್ಲ. 1939ರ ಡಿಸೆಂಬರಿನಲ್ಲಿ ಅವರನ್ನು ಪಾಸ್ಟರ್ ಕೆಲಸದಿಂದ ತೆಗೆದುಹಾಕಿದ್ದು ಜಪಾನಿನವರಲ್ಲ, ಅವರದೇ ಸಭೆಗಳ ಮಂಡಲಿ. ಮನೆಮಂದಿ ಪಾಸ್ಟರ್ ನಿವಾಸ ಖಾಲಿ ಮಾಡಬೇಕಾಯಿತು. 1944ರ ಏಪ್ರಿಲ್ 21ರಂದು ಅವರು ಜೈಲಿನಲ್ಲಿ ತೀರಿಹೋದರು. ದಶಕಗಳು ಉರುಳಿದ ಮೇಲೆ ಮಂಡಲಿ ತಪ್ಪೊಪ್ಪಿಕೊಂಡು ಹುದ್ದೆಯನ್ನು ಹಿಂದಿರುಗಿಸಿತು, ಯಾರಿಗೋ.

ದಕ್ಷಿಣದ ಯೊಸು ಊರಿನ ಕುಷ್ಠರೋಗಿಗಳ ವಸತಿಯಲ್ಲಿದ್ದ ಸೊನ್ ಯಾಂಗ್-ವೊನ್ ಕೂಡ ಇದೇ ಕಾರಣಕ್ಕೆ 1940ರಿಂದ 1945ರವರೆಗೆ ಸೆರೆಯಲ್ಲಿದ್ದವರು. 1948ರಲ್ಲಿ ಆ ಭಾಗದಲ್ಲಿ ಎದ್ದ ಎಡಪಂಥೀಯ ದಂಗೆಯಲ್ಲಿ ಅವರ ಇಬ್ಬರು ಗಂಡುಮಕ್ಕಳ ಕೊಲೆಯಾಯಿತು. ಕೊಂದವರಲ್ಲಿ ಒಬ್ಬನಿಗೆ ಮರಣದಂಡನೆ ಆಗುವುದನ್ನು ತಪ್ಪಿಸಿ ಅವನನ್ನೇ ದತ್ತು ತೆಗೆದುಕೊಂಡರು. 1950ರ ಸೆಪ್ಟೆಂಬರಿನಲ್ಲಿ, ಕೊರಿಯಾ ಯುದ್ಧದ ನಡುವೆ, ಹಿಮ್ಮೆಟ್ಟುತ್ತಿದ್ದ ಉತ್ತರ ಕೊರಿಯಾದ ಪಡೆ ಅವರನ್ನೂ ಕೊಂದಿತು.

ಇಷ್ಟೆಲ್ಲ ಆಗಿ ಎಂಟೇ ವರ್ಷಕ್ಕೆ, 1958ರ ಮೇ ತಿಂಗಳಲ್ಲಿ, ಸೋಲ್ ಅಂಚಿನ ದೆಜೊ-ಡೊಂಗ್ ಕೊಳೆಗೇರಿಯಲ್ಲಿ ಒಂದು ಹಳೇ ಡೇರೆ ಎದ್ದಿತು. ಎಬ್ಬಿಸಿದವರು ಚೊ ಯೊಂಗ್-ಗಿ ಮತ್ತು ಉತ್ತರದ ಹೆಜು ಊರಿನ ಚೊಯ್ ಜಾ-ಶಿಲ್. ಚೊಯ್ ದಾದಿ ಕೆಲಸ ಕಲಿತು, ವ್ಯಾಪಾರ ಮಾಡಿ ಕೈಸುಟ್ಟುಕೊಂಡವರು. ಮುಂದೆ ಚೊ ಅವರ ಅತ್ತೆಯೂ ಆದರು. ಮೊದಲ ಆರಾಧನೆಗೆ ಬಂದವರು ಬೆರಳೆಣಿಕೆ, ಅವರಲ್ಲೂ ಹೆಚ್ಚಿನವರು ಚೊಯ್ ಅವರ ಮಕ್ಕಳು. ಸುತ್ತ ಯುದ್ಧದಲ್ಲಿ ಎಲ್ಲ ಕಳಕೊಂಡ ಜನ. ಅವರಿಗೆ ಪರಲೋಕದ ವರ್ಣನೆ ನಾಟದು ಎಂಬುದು ಚೊ ಅವರಿಗೆ ಬೇಗ ಹೊಳೆಯಿತು.

ಆ ದಿನಗಳ ಒಂದು ಪ್ರಸಂಗವನ್ನು ಅವರು 1979ರ ತಮ್ಮ ಪುಸ್ತಕದಲ್ಲಿ ಹೇಳಿಕೊಂಡಿದ್ದಾರೆ. ಮೇಜು, ಕುರ್ಚಿ, ಸೈಕಲ್ಲು ಕೊಡು ಎಂದು ತಿಂಗಳುಗಟ್ಟಲೆ ಪ್ರಾರ್ಥಿಸಿದರೂ ಏನೂ ಬರಲಿಲ್ಲ. ಎಂಥ ಮೇಜು, ಎಂಥ ಕುರ್ಚಿ ಎಂದು ಬಿಡಿಸಿ ಹೇಳಿಲ್ಲವಲ್ಲ ಎಂಬ ಉತ್ತರ ಒಳಗಿನಿಂದ ಬಂತಂತೆ. ಸರಿ, ಫಿಲಿಪ್ಪೀನ್ಸ್ ಮಹಾಗನಿಯ ಮೇಜು, ದೊಡ್ಡ ಸಾಹೇಬರಂತೆ ಉರುಳಿಸಿಕೊಂಡು ಓಡಾಡಲು ಚಕ್ರ ಇರುವ ಕಬ್ಬಿಣದ ಕುರ್ಚಿ, ಗೇರ್ ಇರುವ ಅಮೆರಿಕದ ಸೈಕಲ್ಲು ಎಂದು ಕೇಳಿದರು. ಅವು ನನಗೆ ಸಿಕ್ಕಾಗಿದೆ ಎಂದು ಸಭೆಗೂ ಸಾರಿದರು. ಹುಡುಗರು ನೋಡಲು ಕೋಣೆಗೇ ಬಂದರು; ಒಳಗೆ ಏನೂ ಇಲ್ಲ. ಅವು ಹೊಟ್ಟೆಯಲ್ಲಿವೆ, ನಾನೀಗ ಬಸುರಿ ಎಂದು ಪಾಸ್ಟರ್ ಹೇಳಿದಾಗ ಹುಡುಗರು ಬಿದ್ದುಬಿದ್ದು ನಕ್ಕರು. ಕೊನೆಗೆ ಮೂರೂ ಬಂದವು. ಸೈಕಲ್ಲು ಅಮೆರಿಕನ್ ಮಿಷನರಿಯೊಬ್ಬರ ಮಗ ತುಳಿದು ಬಿಟ್ಟದ್ದು. ಇದನ್ನು ಓದಿ ನಗುವವರು ಆ ಬೇಡಿಕೆಯ ಗಾತ್ರವನ್ನೂ ನೋಡಬೇಕು. ಡೇರೆಯಲ್ಲಿ ಬೋಧಿಸುವ ಹಸಿದ ತರುಣ ಕೇಳಿದ್ದು ಸೈಕಲ್ಲು.

ರಾಬರ್ಟ್ಸ್ ಕಂಡಿದ್ದ ಅದೇ ವಚನವನ್ನು ಚೊ ‘ಮುಮ್ಮಡಿ ಆಶೀರ್ವಾದ’ ಎಂದು ಕರೆದರು: ಆತ್ಮಕ್ಕೆ, ಬದುಕಿಗೆ, ಮೈಗೆ. 1970ರಲ್ಲಿ ಪಾರ್ಕ್ ಚುಂಗ್-ಹೀ ಸರ್ಕಾರ ಚೆನ್ನಾಗಿ ಬಾಳೋಣ ಎಂದು ಹಳ್ಳಿಹಳ್ಳಿಯಲ್ಲಿ ಸಾರಿಸುತ್ತಿದ್ದಾಗ ಪೀಠವೂ ಅದೇ ರಾಗ ಹಾಡುತ್ತಿತ್ತು. 1973ರಲ್ಲಿ ಚರ್ಚು ಹಾನ್ ನದಿಯ ಯೊಯಿಡೊ ಮರಳುದ್ವೀಪಕ್ಕೆ ಬಂತು, ಜಗತ್ತಿನ ಅತಿ ದೊಡ್ಡ ಸಭೆ ಎನ್ನಿಸಿಕೊಂಡಿತು. ಅದನ್ನು ಬೆಳೆಸಿದ್ದು ಚೊ ಅವರ ಮಾತಿಗಿಂತ ಹೆಚ್ಚಾಗಿ ಮನೆಮನೆಯಲ್ಲಿ ಸಣ್ಣ ಪ್ರಾರ್ಥನಾ ಕೂಟ ನಡೆಸಿದ ಹೆಂಗಸರು ಎಂದು ನನ್ನ ಎಣಿಕೆ.

ಅದೇ 1970ರ ನವೆಂಬರ್ 13ರಂದು ಸೋಲ್‌ನ ಪ್ಯೊಂಗ್ಹ್ವಾ ಮಾರುಕಟ್ಟೆಯಲ್ಲಿ ಜೊನ್ ತೆ-ಇಲ್ ಎಂಬ ಇಪ್ಪತ್ತೆರಡರ ಟೈಲರ್ ಮೈಗೆ ಬೆಂಕಿ ಹಚ್ಚಿಕೊಂಡ. ಅವನೂ ಚರ್ಚಿಗೆ ಹೋಗುವ ಹುಡುಗ. ನೆಟ್ಟಗೆ ನಿಲ್ಲಲಾಗದ ಅಟ್ಟಗಳಲ್ಲಿ ದಿನವಿಡೀ ಹೊಲಿಯುವ ಎಳೆಯ ಹುಡುಗಿಯರಿಗೆ ತನ್ನ ಬಸ್ ಚಾರ್ಜಿನಲ್ಲಿ ತಿಂಡಿ ಕೊಡಿಸಿ ತಾನು ಮನೆಗೆ ನಡೆದು ಹೋಗುತ್ತಿದ್ದ. ಆ ಸಾವು ಸುಹ್ ನಾಮ್-ಡೊಂಗ್, ಆನ್ ಬ್ಯುಂಗ್-ಮು ಮುಂತಾದ ಪಂಡಿತರನ್ನು ಅಲುಗಾಡಿಸಿತು. ದುಡಿಯುವವರ ನೋವಿನಲ್ಲೇ ಕ್ರಿಸ್ತನನ್ನು ಹುಡುಕುವ ‘ಮಿನ್‌ಜುಂಗ್’ ಚಿಂತನೆ ಅವರಿಂದ ಬೆಳೆಯಿತು. 1976ರಲ್ಲಿ ಸರ್ವಾಧಿಕಾರವನ್ನು ಟೀಕಿಸಿ ಇಬ್ಬರೂ ಜೈಲು ಕಂಡರು. ಒಂದೇ ಊರು, ಒಂದೇ ದಶಕ.

2014ರಲ್ಲಿ ಸೋಲ್ ನ್ಯಾಯಾಲಯ ಚೊ ಅವರನ್ನು ತಪ್ಪಿತಸ್ಥ ಎಂದಿತು. ಮಗನ ಕೈಲಿದ್ದ ಷೇರುಗಳನ್ನು ಇರುವ ಬೆಲೆಗಿಂತ ಹೆಚ್ಚು ಕೊಟ್ಟು ಕೊಳ್ಳುವಂತೆ ಮಾಡಿ ಚರ್ಚಿಗೆ ಸುಮಾರು 1,300 ಕೋಟಿ ವೊನ್ ನಷ್ಟ ಮಾಡಿದ ಪ್ರಕರಣ ಅದು. ಮೂರು ವರ್ಷದ ಶಿಕ್ಷೆಯನ್ನು ಅಮಾನತಿನಲ್ಲಿ ಇಟ್ಟಿತು. 2021ರಲ್ಲಿ ಅವರು ತೀರಿಕೊಂಡರು. ಯೊಯಿಡೊ ದ್ವೀಪದಿಂದ ಗಡಿ ಗಂಟೆಯ ಹಾದಿ. ಗಡಿಯ ಆಚೆ, ಜು ಗಿ-ಚೊಲ್ ಸತ್ತ ಊರಿನಲ್ಲಿ, ಗುಟ್ಟಾಗಿ ಸತ್ಯವೇದ ಇಟ್ಟುಕೊಳ್ಳುವುದು ಇವತ್ತಿಗೂ ಜೀವಕ್ಕೆ ಎರವಾಗುವ ಕೆಲಸ.

ಸಮೃದ್ಧಿಯ ಬೋಧನೆ, ನಂಬಿಕೆಗಾಗಿ ತಿನ್ನುವ ಪೆಟ್ಟು, ಈ ಎರಡೂ ನಮ್ಮಲ್ಲಿಗೂ ಬಂದಿವೆ. 2005ರ ಜನವರಿಯಲ್ಲಿ ಬೆಂಗಳೂರಿನ ಜಕ್ಕೂರು ವಿಮಾನ ಮೈದಾನದಲ್ಲಿ ಅಮೆರಿಕದ ಬೆನ್ನಿ ಹಿನ್ ರೋಗಶಾಂತಿಯ ಬೃಹತ್ ಸಭೆ ನಡೆಸಿದರು. ಹೊರಗೆ ಪ್ರತಿಭಟನೆ, ಒಳಗೆ ಜನಸಾಗರ. 2008ರ ಸೆಪ್ಟೆಂಬರ್ 14ರ ಭಾನುವಾರ, ಮತಾಂತರದ ಆರೋಪ ಹೊರಿಸಿದ ಗುಂಪುಗಳು ಮಂಗಳೂರಿನ ಸುತ್ತಮುತ್ತ ಪ್ರಾರ್ಥನಾ ಮಂದಿರಗಳ ಮೇಲೆ ನುಗ್ಗಿದವು. ಹೊರಜಗತ್ತಿಗೆ ಮುಖ ತೋರದೆ ಬಾಳುವ ಸನ್ಯಾಸಿನಿಯರ ಮಠವನ್ನೂ ಬಿಡಲಿಲ್ಲ. ಅಂದು ಪೆಟ್ಟು ತಿಂದವರಲ್ಲಿದ್ದ, ಬಾಡಿಗೆ ಹಾಲ್‌ಗಳಲ್ಲಿ ಸೇರುವ ಸಣ್ಣ ಸಭೆಗಳವರು ಕೆಲಸ ಸಿಗಲಿ, ಸಾಲ ತೀರಲಿ ಎಂದು ಪ್ರಾರ್ಥಿಸುವವರು. ಮೈದಾನದ ಸಮೃದ್ಧಿಯೂ ಹಾಲ್‌ನ ಕಲ್ಲೇಟೂ ಒಂದೇ ಬಗೆಯ ಜನರ ಪಾಲಿಗೆ ಬಂದವು. 2019ರಲ್ಲಿ ಬೆನ್ನಿ ಹಿನ್, ಆಶೀರ್ವಾದಕ್ಕೆ ಬೆಲೆ ಕಟ್ಟುವುದು ತಪ್ಪು, ಇನ್ನು ಮಾಡುವುದಿಲ್ಲ ಎಂದು ಸಾರಿದರು. ಕಾಣಿಕೆ ವಾಪಸು ಮಾಡುವ ಮಾತು ಬರಲಿಲ್ಲ.

ಈ ಇಡೀ ಚಳವಳಿಯ ಇತಿಹಾಸವನ್ನು ಮುತುವರ್ಜಿಯಿಂದ ಬರೆದವರು ಕೇಟ್ ಬೌಲರ್. ಕೆನಡಾದ ಮೆನೊನೈಟರ ನಡುವೆ ಬೆಳೆದವರು, ಅಂದರೆ ಹುತಾತ್ಮರ ಕಥೆಗಳನ್ನು ಪೀಳಿಗೆಯಿಂದ ಪೀಳಿಗೆಗೆ ಕಾಪಿಟ್ಟ ಜನ. ಪುಸ್ತಕ 2013ರಲ್ಲಿ ಬಂತು. ಎರಡು ವರ್ಷಕ್ಕೆ, ಮೂವತ್ತೈದರ ಪ್ರಾಯದಲ್ಲಿ, ದೊಡ್ಡ ಕರುಳಿನ ಕ್ಯಾನ್ಸರ್ ನಾಲ್ಕನೇ ಹಂತದಲ್ಲಿದೆ ಎಂದು ಗೊತ್ತಾಯಿತು. ಅಷ್ಟು ವರ್ಷ ಹೊರಗೆ ನಿಂತು ನೋಡಿದ ನಂಬಿಕೆ ತನ್ನೊಳಗೂ ಇತ್ತು, ಒಳ್ಳೆಯವರಿಗೆ ಒಳ್ಳೆಯದೇ ಆಗುತ್ತದೆಂದು ತಾನೂ ಗುಟ್ಟಾಗಿ ನಂಬಿದ್ದೆ ಎಂದು ಅವರು ಬರೆದುಕೊಂಡರು. ಪಕ್ಕದ ಮನೆಯಾಕೆ ಬಾಗಿಲಿಗೆ ಬಂದು, ಎಲ್ಲಕ್ಕೂ ಒಂದು ಕಾರಣ ಇದ್ದೇ ಇರುತ್ತದೆ ಎಂದು ಬೌಲರ್ ಗಂಡನಿಗೆ ಸಮಾಧಾನ ಹೇಳಿದರಂತೆ. ಆತ, ಆ ಕಾರಣ ಏನೆಂದು ತಿಳಿಯಲು ನನಗೂ ಆಸೆ ಇದೆ ಎಂದರು. ಹಾಗೆಂದರೆ ಎಂದು ಆಕೆ ತಡವರಿಸಿದಾಗ, ನನ್ನ ಹೆಂಡತಿ ಸಾಯುತ್ತಿರುವುದಕ್ಕೆ ಕಾರಣ, ಅದನ್ನು ಹೇಳಿ ಎಂದು ಬಿಡಿಸಿ ಕೇಳಿದರು.