ಬಸುರಿಗೊಂದು ಸ್ಟೂಲು, ಮ್ಯಾನೇಜರಿಗೊಂದು ಅರ್ಜಿ

ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆಯ ಗಾರ್ಮೆಂಟ್ಸ್‌ಗಳಲ್ಲಿ ಟೈಲರ್‌ಗಳದು ಕೂತು ಮಾಡುವ ಕೆಲಸ, ಚೆಕ್ಕಿಂಗ್‌ನವರದು ನಿಂತು ಮಾಡುವ ಕೆಲಸ. ಲೈನಿನ ಕೊನೆಯ ಮೇಜಿಗೆ ಬಂದು ಬೀಳುವ ಒಂದೊಂದು ಶರಟಿನ ಕಾಲರು, ತೋಳು, ಗುಂಡಿ ತಿರುವಿ ನೋಡಿ, ಉಳಿದ ದಾರ ಕತ್ತರಿಸಿ ಮುಂದಕ್ಕೆ ತಳ್ಳಬೇಕು. ಗಂಟೆಗಿಷ್ಟು ಪೀಸ್ ಎಂಬ ಟಾರ್ಗೆಟ್ ಬಸುರಿಗೂ ಅಷ್ಟೇ, ಉಳಿದವರಿಗೂ ಅಷ್ಟೇ. ಏಳು ತಿಂಗಳು ತುಂಬಿ ಪಾದ ಊದಿಕೊಂಡಾಗ "ಸರ್, ಕೂತು ಮಾಡೋ ಕೆಲಸ ಕೊಡಿ" ಎಂದರೆ, "ಆಗಲ್ಲ ಅಂದ್ರೆ ಮನೇಲಿರಮ್ಮ. ನಿನಗೊಬ್ಬಳಿಗೆ ಬೇರೆ ರೂಲ್ಸ್ ಮಾಡೋಕಾಗುತ್ತಾ?" ಎಂಬ ಮಾತು ಬರುತ್ತದೆ.

ಆ ರೂಲ್ಸನ್ನು 1961ರಲ್ಲೇ ಮಾಡಿಟ್ಟಾಗಿದೆ. ಹೆರಿಗೆ ಸೌಲಭ್ಯ ಕಾಯ್ದೆಯ ಪ್ರಕಾರ, ಹೆರಿಗೆಯ ನಿರೀಕ್ಷಿತ ದಿನಕ್ಕೆ ಆರು ವಾರ ಮೊದಲಿನ ಒಂದು ತಿಂಗಳು, ಮತ್ತು ಆ ಆರು ವಾರಗಳಲ್ಲಿ ರಜೆ ಹಾಕದೆ ದುಡಿಯುವಷ್ಟು ದಿನ, ಹೆಚ್ಚು ಹೊತ್ತು ನಿಲ್ಲುವ ಅಥವಾ ಮೈಮುರಿಯುವ ಕೆಲಸ ಬೇಡವೆಂದು ಆಕೆ ಕೇಳಿದರೆ ಮಾಲೀಕರು ಅಂಥ ಕೆಲಸ ಹಚ್ಚುವಂತಿಲ್ಲ. ಹಗುರ ಕೆಲಸ ಕೊಟ್ಟೆವೆಂದು ಸಂಬಳ ಕಡಿಯುವಂತೆಯೂ ಇಲ್ಲ. 2025ರ ನವೆಂಬರಿನಲ್ಲಿ ಆ ಕಾಯ್ದೆಯ ಜಾಗಕ್ಕೆ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ಈ ಹಕ್ಕು ಹಾಗೆಯೇ ಉಳಿದಿದೆ.

ಆದರೆ ಒಂದು ಮಾತು ಗಮನಿಸಬೇಕು. ಈ ರಕ್ಷಣೆ ಸಿಗುವುದು 'ಆಕೆ ಕೇಳಿದರೆ'. ಬಾಯಲ್ಲಿ ಕೇಳಿದ್ದಕ್ಕೆ ಸಾಕ್ಷಿ ಇರುವುದಿಲ್ಲ, "ನನಗೆ ಹೇಳಲೇ ಇಲ್ಲ" ಎಂದರೆ ಮುಗಿಯಿತು. ಹಾಗಾಗಿ ನಾಲ್ಕು ಸಾಲಿನ ಅರ್ಜಿ ಬೇಕು: "ವೈದ್ಯರು ನನಗೆ ಹೆರಿಗೆಗೆ ಇಂಥ ದಿನಾಂಕ ಕೊಟ್ಟಿದ್ದಾರೆ. ಇಂಥ ದಿನದಿಂದ ನಿಂತು ಮಾಡುವ ಕೆಲಸ ಬಿಡಿಸಿ, ಕೂತು ಮಾಡುವ ಕೆಲಸ ಕೊಡಬೇಕೆಂದು ಕೋರುತ್ತೇನೆ." ಜೊತೆಗೆ ತಾಯಿ ಕಾರ್ಡಿನ ಜೆರಾಕ್ಸ್, ವೈದ್ಯರ ಚೀಟಿ. ಎರಡು ಪ್ರತಿ ಮಾಡಿ, ಒಂದರ ಮೇಲೆ ದಿನಾಂಕದ ಸಮೇತ ಸಹಿ ಹಾಕಿಸಿಕೊಳ್ಳಬೇಕು. ಸಹಿ ಹಾಕದಿದ್ದರೆ ಸ್ಪೀಡ್ ಪೋಸ್ಟ್ ಇದೆ. ಐಟಿ ಕಚೇರಿಯಲ್ಲಾದರೆ ಎಚ್‌ಆರ್‌ಗೂ ಪ್ರತಿ ಹಾಕಿದ ಒಂದು ಇಮೇಲ್ ಸಾಕು.

ಕಾನೂನಿನಲ್ಲಿ ಒಂದು ತೂತೂ ಇದೆ. ಮೊದಲ ಮೂರು ತಿಂಗಳ ವಾಂತಿ, ತಲೆಸುತ್ತಿಗೆ ಇಂಥ ನೇರ ರಕ್ಷಣೆ ಇಲ್ಲ. ಹಠಮಾರಿ ಮ್ಯಾನೇಜರನ ಆಟ ನಡೆಯುವುದು ಇಲ್ಲೇ. ಗರ್ಭಧಾರಣೆಯಿಂದ ಉಂಟಾದ ಕಾಯಿಲೆ ಎಂದು ವೈದ್ಯರು ಬರೆದುಕೊಟ್ಟರೆ ಹೆರಿಗೆ ರಜೆಯ ಹೊರತಾಗಿ ಒಂದು ತಿಂಗಳವರೆಗೆ ಸಂಬಳಸಹಿತ ರಜೆ ಸಿಗುತ್ತದೆ. ಆದ್ದರಿಂದ ತಪಾಸಣೆಗೆ ಹೋದಾಗಲೆಲ್ಲ ಮಾತ್ರೆ ಚೀಟಿಯ ಜೊತೆ ವಿಶ್ರಾಂತಿಯ ಸಲಹೆಯನ್ನೂ ಬರೆಸಿಕೊಳ್ಳುವುದು ಜಾಣತನ.

ಬೈಗುಳಕ್ಕಿಂತ ಅಪಾಯಕಾರಿಯಾದದ್ದು ನಯವಾದ ಮಾತು: "ಈಗ ರಾಜೀನಾಮೆ ಕೊಡಮ್ಮ, ಮಗು ಆದ್ಮೇಲೆ ಮತ್ತೆ ಸೇರ್ಕೊಳ್ಳುವಂತೆ." ಸಹಿ ಹಾಕಿದರೆ ಕೆಲಸದ ಜೊತೆ 26 ವಾರಗಳ ಸಂಬಳಸಹಿತ ರಜೆಯೂ ಕೈತಪ್ಪುತ್ತದೆ. ಹೆರಿಗೆಗೆ ಹಿಂದಿನ 12 ತಿಂಗಳಲ್ಲಿ 80 ದಿನ ದುಡಿದವರಿಗೆ ಈ ರಜೆ ಇದೆ. ಬದುಕಿರುವ ಎರಡು ಮಕ್ಕಳಿದ್ದರೆ 12 ವಾರ. ಆ ರಜೆಯಲ್ಲಿದ್ದಾಗ ಕೆಲಸದಿಂದ ತೆಗೆಯುವುದು ಕಾನೂನುಬಾಹಿರ. ತೆಗೆದರೆ 60 ದಿನದೊಳಗೆ ಮೇಲ್ಮನವಿ ಸಲ್ಲಿಸಬಹುದು. ಇಎಸ್‌ಐ ಇರುವವರ ರಜೆಯ ಹಣವನ್ನು ಇಎಸ್‌ಐ ನಿಗಮವೇ ಕೊಡುತ್ತದೆ. ಕಂಪನಿಗೆ ಹೊರೆ ಎಂಬ ಮಾತು ಅಲ್ಲಿ ನಿಲ್ಲುವುದಿಲ್ಲ.

ಮ್ಯಾನೇಜರನ ತಲೆಯ ಮೇಲೂ ಟಾರ್ಗೆಟ್ ಇದೆ, ನಿಜ. ಶಿಪ್‌ಮೆಂಟ್ ತಪ್ಪಿದರೆ ಬೈಗುಳ ಆತನಿಗೇ. ಹಾಗೆಂದು ಆ ಒತ್ತಡ ಬಸುರಿಯ ಬೆನ್ನಿಗೆ ಇಳಿಯಬೇಕಿಲ್ಲ. ಮೊದಲ ಬಸಿರಿಗೇ ಗಗನಸಖಿಯರ ಕೆಲಸ ಹೋಗುತ್ತಿದ್ದ ಏರ್ ಇಂಡಿಯಾದ ನಿಯಮವನ್ನು ಸುಪ್ರೀಂ ಕೋರ್ಟ್ 1981ರಲ್ಲಿ ರದ್ದು ಮಾಡಿತು. ದೆಹಲಿ ಪಾಲಿಕೆಯ ದಿನಗೂಲಿ ಹೆಂಗಸರಿಗೂ ಹೆರಿಗೆ ಸೌಲಭ್ಯ ಕೊಡಬೇಕೆಂದು 2000ದಲ್ಲಿ ಹೇಳಿತು. ರಸ್ತೆ ಕೆಲಸದ ಕೂಲಿಯಾಳಿಗೆ ಸಲ್ಲುವ ಹಕ್ಕು ಫ್ಯಾಕ್ಟರಿಯ ಕಾಯಂ ನೌಕರಳಿಗೆ ಸಲ್ಲದೆ ಇರುತ್ತದೆಯೇ?

ಅರ್ಜಿಗೂ ಬಗ್ಗದಿದ್ದರೆ ಕಾರ್ಮಿಕ ಇಲಾಖೆಯ ನಿರೀಕ್ಷಕರಿಗೆ ದೂರು ಕೊಡಬಹುದು. ಬೆಂಗಳೂರಿನಲ್ಲಿ ಇಲಾಖೆಯ ಕಚೇರಿ ಇರುವುದು ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಣ್ಣುಮಕ್ಕಳಿಗೆ ವಕೀಲರ ನೆರವು ಉಚಿತ, ಆದಾಯ ಎಷ್ಟೇ ಇರಲಿ.

ನಿಮ್ಮ ಲೈನಿನಲ್ಲಿ, ನಿಮ್ಮ ಪಕ್ಕದ ಟೇಬಲ್ಲಿನಲ್ಲಿ ಬಸುರಿಯೊಬ್ಬಳು ಇದ್ದರೆ ಅಯ್ಯೋ ಪಾಪ ಎಂದು ಸುಮ್ಮನಾಗಬೇಡಿ. ಆ ನಾಲ್ಕು ಸಾಲಿನ ಅರ್ಜಿ ಬರೆದುಕೊಡಿ; ಕೊಡುವಾಗ ಜೊತೆಗೆ ಹೋಗಿ ನಿಲ್ಲಿ.