ವಿದೇಶ ಅಂದ್ರೆ ಗಲ್ಫ್ ಮಾತ್ರವೇ?

ವಿದೇಶ ಅಂದ್ರೆ ನಮ್ಮ ಮನೆಗಳಲ್ಲಿ ದುಬೈ, ಸೌದಿ, ದುಡಿಮೆ. ಅಲ್ಲಿನ ವೀಸಾ ನಿಯಮ, ಯುದ್ಧ, ತೈಲದ ಬೆಲೆ ನಮ್ಮ ಅಡುಗೆಮನೆವರೆಗೂ ಮುಟ್ಟುತ್ತದೆ. ಇದನ್ನೇ ಕಲಿಸುವ ವಿಷಯ ಅಂತಾರಾಷ್ಟ್ರೀಯ ಸಂಬಂಧಗಳು. ಕೊಪ್ಪ, ಶೃಂಗೇರಿ, ಎನ್.ಆರ್. ಪುರದಲ್ಲಿ ಬಿಎ ಮುಗಿಸಿದ ನಮ್ಮ ಮಕ್ಕಳೂ ಇದಕ್ಕೆ ಅರ್ಜಿ ಹಾಕಬಹುದು.

ಬ್ರಿಟನ್‌ನಲ್ಲಿ ಎಂಎ ಹೆಚ್ಚಾಗಿ ಒಂದೇ ವರ್ಷ. ಖರ್ಚಿನ ಮಾತು ಬಂದರೆ ಹಿರಿಯರು ಹಿಂಜರಿಯೋದು ಸಾಲದ ಬಡ್ಡಿಗೆ. ಬಡ್ಡಿಗೆ ಸಹಾಯಧನ ಕೊಡುತ್ತಿದ್ದ ಕೇಂದ್ರದ ‘ಪಢೋ ಪರದೇಶ್’ ಯೋಜನೆಯೂ 2022-23ರಿಂದ ನಿಂತಿದೆ. ಆದರೆ ಬ್ರಿಟಿಷ್ ಸರ್ಕಾರದ ಚೆವೆನಿಂಗ್ ವಿದ್ಯಾರ್ಥಿವೇತನ ಸಾಲವಲ್ಲ. ಅದರಲ್ಲಿ ಶುಲ್ಕ, ಜೀವನ ವೆಚ್ಚ, ವಿಮಾನ ಟಿಕೆಟ್ ಸಿಗುತ್ತದೆ. ಸ್ಪರ್ಧೆ ಮಾತ್ರ ಬಹಳ ಬಿಗಿ. ಪದವಿಯ ಜೊತೆ 2,800 ಗಂಟೆ ಕೆಲಸದ ಅನುಭವ ಬೇಕು. ಸಂಬಳವಿಲ್ಲದ ಸೇವೆಯೂ ಲೆಕ್ಕಕ್ಕೆ ಬರುತ್ತದೆ. ಓದಿದ ಮೇಲೆ ಸ್ವದೇಶಕ್ಕೆ ಮರಳಿ ಎರಡು ವರ್ಷ ಇರಲೇಬೇಕು. ‘ಹೋದ ಮಗಳು ಬರ್ತಾಳೋ ಇಲ್ವೋ’ ಎನ್ನುವ ಉಮ್ಮಂದಿರಿಗೆ ಇದು ಸಮಾಧಾನದ ಮಾತು.

ತಯಾರಿ ಒಂದು ವರ್ಷ ಮೊದಲೇ ಆಗಬೇಕು. ಪಾಸ್‌ಪೋರ್ಟ್ ಮಾಡಿಸಿ. ಕುವೆಂಪು ವಿಶ್ವವಿದ್ಯಾಲಯದ ಅಂಕಪಟ್ಟಿ ಜೋಪಾನವಾಗಿಡಿ. ನಿಮ್ಮನ್ನು ಬಲ್ಲ ಇಬ್ಬರು ಅಧ್ಯಾಪಕರ ಶಿಫಾರಸು ಪತ್ರ ಕೇಳಿ. ಈ ವಿಷಯವನ್ನೇ ಯಾಕೆ ಓದಬೇಕು ಎಂದು ಸ್ವಂತ ಮಾತಲ್ಲಿ ಬರೆಯಲು ಕಲಿಯಿರಿ. ಎರವಲು ಬರಹ ಅಲ್ಲಿ ನಡೆಯೋದಿಲ್ಲ.

ಡಿಗ್ರಿ ಮುಗಿದ ಕೂಡಲೇ ಮದುವೆ ಮಾತು ತೆಗೆಯುವ ಮುಂಚೆ ಮಗಳ ಹತ್ತಿರ ಒಮ್ಮೆ ಕೇಳಿ: ಮುಂದೆ ಓದ್ತೀಯಾ?